ಗುತ್ತೆಪ್ಪನ ಸ್ಟೂಲು

ಇಷ್ಟಕ್ಕೆಲ್ಲ ಕಾರಣ ಒಂದು ಮರದ ಸ್ಟೂಲು. ಶಿಗ್ಗಾಂವಿಯ ಬಂದೇಸಾಬರ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಲೋಹ ಕಡೆಯುವ ಲೇತಿನ ಮುಂದೆ ನಿಂತೇ ದುಡಿದ ಗುತ್ತೆಪ್ಪನ ಕಾಲಿನ ನರಗಳು ಹಾಗಲಬಳ್ಳಿಯಂತೆ ಹಬ್ಬಿದ್ದವು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಬರೆದುಕೊಟ್ಟಂತೆ ತಾನೇ ಕೊರೆಯುವ ಸಿ.ಎನ್.ಸಿ. ಯಂತ್ರ ಬಂತು. ಅದರ ಪಕ್ಕಕ್ಕೆ ಸ್ಟೂಲೂ ಬಂತು.

“ಹುಬ್ಬಳ್ಳಿಗೆ ಹೋಗಿ ಕಲತು ಬಂದೀ. ಸಂಜೀಕ ಒಂದ ಪ್ಲೇಟಿನ ತೂತು ಸರಿಯಾಗಿ ಬಿದ್ರ ಆ ಜಾಗಾ ನಿಂದ,” ಎಂದು ಗುತ್ತೆಪ್ಪನಿಗೆ ಹೇಳಿ ಬಂದೇಸಾಬರು ಬಂಕಾಪುರಕ್ಕೆ ಹೋದರು.

ಗುತ್ತೆಪ್ಪ ಒಂದೊಂದೇ ಗುಂಡಿ ಒತ್ತಿ, ತೂತು ಕೊರೆಯಲು ಯಂತ್ರಕ್ಕೆ ಕೊಡುವ ಆದೇಶಗಳಲ್ಲಿ ಎಂಬತ್ತೊಂದನೇ ಸೈಕಲ್ ಬರೆದ. ಕೊರೆಯುವ ಬಿಟ್ಟು ದಪ್ಪ ಕಬ್ಬಿಣದ ಪ್ಲೇಟಿನೊಳಗೆ ಒಂದೇ ಉಸಿರಿಗೆ ಇಳಿದು, ಅರ್ಧದಲ್ಲಿ ಕಿರುಚಿ, ಟಕ್ಕನೆ ಮುರಿಯಿತು.

“ದೃಷ್ಟಿ ಆಗೇತಿ,” ಎಂದು ವೆಲ್ಡರ್ ಮಹಮ್ಮದಗೌಸ ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿದ. ಎರಡನೆಯ ಬಿಟ್ಟೂ ಮುರಿಯಿತು.

“ಹಣ್ಣು ಸಣ್ಣದಾತು ನೋಡು,” ಎಂದ ಮಹಮ್ಮದಗೌಸ.

ಉಳಿದದ್ದು ಒಂದೇ ಬಿಟ್ಟು. ಕಸ ಗುಡಿಸುತ್ತಿದ್ದ ಫಕ್ಕೀರವ್ವ ಕೈ ನಿಲ್ಲಿಸಿದಳು. “ಅಣ್ಣಾ, ನಾ ಸವಣೂರಾಗ ಬಾವಿ ಕೆಲಸಕ್ಕ ಹೊಕ್ಕಿದ್ದೆ. ಒಂದೀಟ ತೋಡೂದು, ಮಣ್ಣ ಮ್ಯಾಲ ಹಾಕೂದು, ಮತ್ತ ತೋಡೂದು. ನೀ ಒಂದ ಸಲಕ್ಕ ಒತ್ತಿದ್ರ ಒಳಗಿನ ಚೂರು ಎಲ್ಲಿ ಹೋಗಬೇಕು? ಎತ್ತಿ ಎತ್ತಿ ಇಳಸು.”

“ಕಸಬರಿಗಿ ಹಿಡಕೊಂಡು ನನಗ ಪಾಠ ಹೇಳಬ್ಯಾಡ,” ಎಂದನಾದರೂ ಗುತ್ತೆಪ್ಪನಿಗೆ ಥಟ್ಟನೆ ನೆನಪಾಯಿತು: ಎಂಬತ್ಮೂರನೇ ಸೈಕಲ್! ಹುಬ್ಬಳ್ಳಿಯಲ್ಲಿ ಅದನ್ನು ಹೇಳಿಕೊಟ್ಟದ್ದು ಊಟವಾದ ಮೇಲೆ, ಇವನು ತೂಕಡಿಸುವಾಗ. ಅಂಕಿ ತಿದ್ದಿದ. ಐದು ಮಿಲಿಮೀಟರಿಗೊಮ್ಮೆ ಮೇಲೆ ಬಾ ಎಂದು ಬರೆದ. ಕೋಳಿ ನೀರು ಕುಡಿದ ಹಾಗೆ ಬಿಟ್ಟು ಬಗ್ಗಿ, ತಲೆಯೆತ್ತಿ, ಮತ್ತೆ ಬಗ್ಗಿ, ನಲವತ್ತು ತೂತನ್ನೂ ಕೊರೆಯಿತು.

ಸಂಜೆ ಬಂದೇಸಾಬರು ಪ್ಲೇಟು ಎತ್ತಿ ಬೆಳಕಿಗೆ ಹಿಡಿದರು. “ಯಾರ ತಲಿ ಇದು?”

ಗುತ್ತೆಪ್ಪ ಫಕ್ಕೀರವ್ವನ ಕಡೆ ನೋಡಲಿಲ್ಲ. “ನಂದ ರೀ.”

“ನಾಳೆ ಮತ್ತ ಬರೀಬೇಕೇನು?”

“ಇಲ್ರಿ. ಒಮ್ಮೆ ಕಲಿಸಿದ್ರ ಮುಗೀತು, ಮಷೀನು ಮರಿಯೂದಿಲ್ಲ. ಪ್ಲೇಟ ಇಟ್ಟು ಹಸರ ಗುಂಡಿ ಒತ್ತೂದಷ್ಟ. ಯಾರರ ಮಾಡಬಹುದ್ರಿ.”

ಬಂದೇಸಾಬರು ಪ್ಲೇಟು ಕೆಳಗಿಟ್ಟರು. “ಹಂಗಾರ ಇಂಥಾ ತಲಿ ಗುಂಡಿ ಒತ್ತಕೋಂತ ಯಾಕ ಕುಂದ್ರಬೇಕು? ನೀ ಲೇತಿಗೇ ಇರು, ಅದು ಯಾರಿಗೂ ಬರೂದಿಲ್ಲ. ಫಕ್ಕೀರವ್ವಾ, ನಾಳಿಂದ ಇಲ್ಲಿ ನೀ ಕುಂದ್ರು.”

ಮರುದಿನ ಲೇತಿನ ಮುಂದೆ ನಿಂತು ಗುತ್ತೆಪ್ಪ ತೊಡೆ ಒತ್ತಿಕೊಳ್ಳುತ್ತಿದ್ದ. ಸ್ಟೂಲಿನ ಮೇಲೆ ಕೂತ ಫಕ್ಕೀರವ್ವ ಮರುಗಿದಳು.

“ಕಾಲು ನೋಯ್ತಾವೇನು ಅಣ್ಣಾ? ಹಂಗ ಒತ್ತಿ ನಿಲ್ಲಬ್ಯಾಡ. ಎತ್ತಿ ಎತ್ತಿ ಇಡು.”