ಹಲ್ಲಿನ ಸಂದಿಯ ನೀರಾವರಿ

ಭಾಷಣ ಮಾಡುವವನ ತಲೆಯಲ್ಲಿ ಏನೂ ಇಲ್ಲದಿದ್ದರೂ ನಡೆಯುತ್ತದೆ. ಬಾಯಲ್ಲಿ ಮುಂದಿನ ಹಲ್ಲು ಮಾತ್ರ ಇರಲೇಬೇಕು. ಈ ಸತ್ಯ ನನಗೆ ಹೊಳೆದದ್ದು ಎಪ್ಪತ್ತಮೂರನೆಯ ಇಸವಿಯಲ್ಲಿ, ಸೇಲಂನ ಹಲ್ಲಿನ ಡಾಕ್ಟರು ನನ್ನ ಮೇಲುಸಾಲಿನ ನಡುಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ ದಿನ. ಅದು ಧಾರಾಳವಾಗಿ ಅಲ್ಲಾಡಿತು.

ಆಗ ನಾನು ಪೆನ್ನಾಗರಂನಲ್ಲಿ ಪಂಚಾಯತಿ ಯೂನಿಯನ್ ಆಫೀಸಿನ ಮ್ಯಾನೇಜರು. ಸುತ್ತಲಿನ ಊರುಗಳಲ್ಲಿ ಬಾವಿಯಾಗಲಿ, ಬಾಲವಾಡಿಯಾಗಲಿ, ಏನು ತೆರೆದರೂ ಸ್ವಾಗತ ಭಾಷಣ ನನ್ನದೇ. (ತೆರೆಯುವವರು ಬದಲಾಗುತ್ತಿದ್ದರು, ಸ್ವಾಗತಿಸುವವನು ಬದಲಾಗುತ್ತಿರಲಿಲ್ಲ.) ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಹೊಸ ಆಸ್ಪತ್ರೆಯ ಕಟ್ಟಡದ ಉದ್ಘಾಟನೆಯಿತ್ತು. ಅದಕ್ಕೆಂದು ನಾನು ನಲವತ್ತು ನಿಮಿಷದ ಭಾಷಣವನ್ನು ಆರು ತಿಂಗಳು ಮೊದಲೇ ಬಾಯಿಪಾಠ ಮಾಡಿದ್ದೆ. ಈಗ ಬಾಯಿಗೇ ಕುತ್ತು.

ವಸಡು ಕೊಳೆತಿದೆ, ಸಂದಿಯೊಳಗೆ ನೀರು ರಭಸದಿಂದ ಹಾಯಿಸಬೇಕು, ವಿದೇಶದಲ್ಲಿ ಅದಕ್ಕೊಂದು ಮಿಷಿನ್ ಉಂಟು, ಸಿಕ್ಕಿದರೆ ನೋಡಿ, ಮೂರು ತಿಂಗಳ ಮೇಲೂ ರಕ್ತ ಬರುತ್ತಿದ್ದರೆ ಕಿತ್ತುಬಿಡೋಣ ಎಂದು ಡಾಕ್ಟರು ತಮಿಳಿನಲ್ಲಿ ನಗುತ್ತಲೇ ಹೇಳಿದರು. ನಾನು ಅಂದೇ ಮೈದುನ ನಾಗರಾಜನ್‌ಗೆ ಕಾಗದ ಬರೆದೆ. ಅವನು ಸರಕಿನ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ನನ್ನ ಪುಣ್ಯಕ್ಕೆ ಹಡಗು ತಿಂಗಳೊಳಗೆ ಮದರಾಸಿಗೆ ಬಂತು. ಸಿಂಗಪುರದಲ್ಲಿ ಕೊಂಡ ಯಂತ್ರವನ್ನು ಅವನು ಮನೆಗೇ ತಂದುಕೊಟ್ಟು, ಸ್ವಿಚ್ಚು ಎಲ್ಲಿದೆ ಎಂಬುದನ್ನಷ್ಟೇ ತೋರಿಸಿ, ಮರುದಿನದ ಬಸ್ಸಿಗೆ ಹೊರಟುಹೋದ.

ಯಂತ್ರವೆಂದರೆ ಒಂದು ಬಿಳಿ ಡಬ್ಬ, ನೆತ್ತಿಯ ಮೇಲೆ ನೀರಿನ ತೊಟ್ಟಿ, ಪಕ್ಕದಿಂದ ಒಂದು ಸಣ್ಣ ನಳಿಕೆ, ಅದರ ತುದಿಯಲ್ಲಿ ಸೂಜಿಯಂಥ ಮೂತಿ. ಜೊತೆಗೊಂದು ಇಂಗ್ಲಿಷ್ ಪುಸ್ತಕ. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ದಂತೋದ್ಧಾರದ ಸಕಲ ಅಧಿಕಾರವೂ ನನ್ನ ಕೈಯಲ್ಲಿತ್ತು. ಅಕ್ಷರವೆಲ್ಲ ಓದಿದೆ. ಚಿತ್ರಗಳನ್ನು ಬಿಟ್ಟೆ. ಓದು ಬಾರದವರಿಗಾಗಿ ಹಾಕಿದ್ದನ್ನು ಓದು ಬಲ್ಲವನು ನೋಡುವುದು ಮರ್ಯಾದೆಯಲ್ಲ.

ಪ್ಲಗ್ಗು ಇದ್ದದ್ದು ನಡುಮನೆಯಲ್ಲಿ, ರೇಡಿಯೋ ಪಕ್ಕದಲ್ಲಿ. ಅಲ್ಲಿಯೇ ಪ್ರಯೋಗ. ರಭಸ ಒಂದರಿಂದ ಹತ್ತರವರೆಗೆ ಇತ್ತು. ಒಂದು, ಎರಡೆಲ್ಲ ಗುಮಾಸ್ತರ ದರ್ಜೆ ಎಂದುಕೊಂಡು ಹತ್ತಕ್ಕೆ ತಿರುಗಿಸಿದೆ. ಇನ್ನು ಬಾಯಿ. ನಮ್ಮ ಕಡೆ ನೀರು ಬಾಯಿಗೆ ಬರಬೇಕಾದರೆ ಒಂದೇ ದಾರಿ: ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆಯುವುದು. ಹಾಗೆಯೇ ಮಾಡಿದೆ. ಸೂರಿನ ತೊಲೆ ನೋಡುತ್ತ ಸ್ವಿಚ್ಚು ಒತ್ತಿದೆ.

ನೀರು ಹಲ್ಲನ್ನು ಬಿಟ್ಟು ನೇರವಾಗಿ ಕಿರುನಾಲಗೆಗೆ ಹೊಡೆಯಿತು. ನಾನು ಕೆಮ್ಮಿದೆ, ಕೆಮ್ಮಿದ ಭರಕ್ಕೆ ನಳಿಕೆ ಕೈತಪ್ಪಿ ಹಾವಿನಂತೆ ಹೆಡೆಯೆತ್ತಿತು. ಕ್ಯಾಲೆಂಡರಿನ ಮುರುಗನ್‌ಗೆ ಅಭಿಷೇಕ, ರೇಡಿಯೋಗೆ ಸ್ನಾನ, ಇಂಗ್ಲಿಷ್ ಪುಸ್ತಕಕ್ಕೆ ಜಲಸಮಾಧಿ. ಮೂಲೆಯಲ್ಲಿ ನನ್ನ ಹೆಂಡತಿ ತಂಗಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವಳೇ ಎದ್ದುಬಂದು ಸ್ವಿಚ್ಚು ಆರಿಸಿದಳು.

"ಹಲ್ಲು ಬಾಯಾಗೈತೆ. ನೀವ್ಯಾಕೆ ಸೂರು ನೋಡ್ತಾ ನಿಂತ್ರಿ?"

"ಇದು ಇಂಗ್ಲಿಷ್ ಮಿಷಿನು. ನಿಂಗೆ ತಿಳಿಯಾಕಿಲ್ಲ, ಸುಮ್ಕಿರು."

"ನಂಗೆ ತಿಳಿಯಾಕಿಲ್ಲ, ಸರಿ. ಹಿಟ್ಟಿಗೂ ತಿಳೀಲಿಲ್ಲ ಪಾಪ. ಮುದ್ದೆ ಆಗ್ಬಿಡ್ತು."

ಇನ್ನೂ ಮೂರು ದಿನ ಹೀಗೇ ನಡೆಯಿತು. ಯಂತ್ರದಲ್ಲಿಯೇ ಉತ್ಪಾದನಾ ದೋಷವಿದೆ ಎಂದು ನಾನು ತೀರ್ಮಾನಿಸಿ, ಐದನೆಯ ದಿನ ಆಫೀಸಿನಿಂದ ಮನೆಗೆ ಬಂದರೆ ಒಳಗೆ ಟರ್ ಎಂದು ಸಣ್ಣ ಸದ್ದು. ತಂಗಮ್ಮ ಬೋಸಿಯ ಮೇಲೆ ಬಗ್ಗಿ, ತುಟಿಯನ್ನು ಒಂದಿಷ್ಟೇ ತೆರೆದು, ನಳಿಕೆಯನ್ನು ವಸಡಿನುದ್ದಕ್ಕೂ ನಡೆಸುತ್ತಿದ್ದಳು. ನೀರು ತುಟಿಯಿಂದ ಬೋಸಿಗೆ ಸದ್ದಿಲ್ಲದೆ ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ಹಿಂದಿನ ಕಡೆಯ ಹಲ್ಲಿನವರೆಗೂ ಹೋಗಿ, ತಿರುವು ತೆಗೆದುಕೊಂಡು, ಒಳಬದಿಯಿಂದ ವಾಪಸು ಬಂದ ಆ ಕೈಚಳಕ ನೋಡಿ ನಾನು ಚಪ್ಪಲಿ ಬಿಡುವುದನ್ನೇ ಮರೆತೆ.

ಪುಸ್ತಕವನ್ನು ಹಾಳೆ ಹಾಳೆಯಾಗಿ ಬಿಡಿಸಿ ಬಿಸಿಲಿಗೆ ಹಾಕಿದವಳು ಅವಳೇ. ಒಣಗಿಸುತ್ತ ಚಿತ್ರಗಳನ್ನು ನೋಡಿದ್ದಾಳೆ.

"ಈ ಬೊಂಬೇಲಿರೋ ಯಮ್ಮ ಬಗ್ಗವ್ಳೆ. ನೀವು ಆಕಾಸ ನೋಡ್ತೀರಾ. ಅಷ್ಟೇ ಯತ್ಯಾಸ," ಎಂದಳು. ಎಂಜಲಿನ ಪ್ರಶ್ನೆಯೆತ್ತಿ ಗೆಲ್ಲೋಣವೆಂದರೆ, ಡಬ್ಬದಲ್ಲಿದ್ದ ನಾಲ್ಕು ಬಣ್ಣದ ಮೂತಿಗಳಲ್ಲಿ ಕೆಂಪು ತನಗೆ, ನೀಲಿ ನನಗೆ ಎಂದು ಆಗಲೇ ಎತ್ತಿಟ್ಟಿದ್ದಳು.

ಅಂದಿನಿಂದ ನನ್ನ ಶಿಷ್ಯವೃತ್ತಿ. ನೀರು ಉಗುರುಬೆಚ್ಚಗೆ, ರಭಸ ಒಂದನೇ ನಂಬರು. ಆದರೆ ನನ್ನ ಕತ್ತು ಬಗ್ಗಲೊಲ್ಲದು. ಬಾಯಿಯಿಂದ ಕೂಸಿನ ಹಾಗೆ ಜೊಲ್ಲು ಇಳಿಸುವುದು ಮ್ಯಾನೇಜರಿಗೆ ತಕ್ಕ ಕೆಲಸವೇ ಎಂದು ಕೇಳಿದೆ.

"ಇಳೀಲಿ ಬಿಡಿ. ಮೂರು ಮಕ್ಕಳದು ಒರಸಿವ್ನಿ," ಎಂದು ನನ್ನ ಕತ್ತಿನ ಮೇಲೆ ಕೈಯಿಟ್ಟಳು. "ಆಫೀಸ್ನಾಗೆ ಕಮಿಷನರ್ ಮುಂದೆ ಬಗ್ಗಲ್ವಾ? ಅಷ್ಟು ಬಗ್ಗಿದ್ರೆ ಸಾಕು."

ಆ ಅಳತೆ ನನಗೆ ತಕ್ಷಣ ಅರ್ಥವಾಯಿತು.

ಮೂರು ತಿಂಗಳು ಕಳೆದು ಸೇಲಂಗೆ ಹೋದೆವು. ಡಾಕ್ಟರು ವಸಡನ್ನು ಕೊಕ್ಕೆಯಿಂದ ಒತ್ತಿದರು, ರಕ್ತವಿಲ್ಲ. ಹಲ್ಲು ಹಿಡಿದು ಅಲ್ಲಾಡಿಸಿದರು, ಬೆರಳು ಅಲ್ಲಾಡಿತು. ಕೀಳುವುದು ಬೇಡ ಎಂದರು. ಬರುವಾಗ ಬಸ್ಸಿನಲ್ಲಿ ಧರ್ಮಪುರಿ ದಾಟುವವರೆಗೆ ತಂಗಮ್ಮನಿಗೆ ಭಾಷಣ ಒಪ್ಪಿಸಿದೆ. ಆಮೇಲೆ ಅವಳು ನಿದ್ದೆ ಹೋದಳು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆಫೀಸಿನಲ್ಲಿ 'ನನ್ನ ಯಂತ್ರ, ನನ್ನ ಸಾಧನೆ' ಎಂದು ವಾರವಿಡೀ ಕೊಚ್ಚಿಕೊಂಡೆ. ಕಮಿಷನರಿಗೂ ವಸಡಿನ ಕಾಟವಂತೆ. ಭಾನುವಾರ ಮನೆಗೇ ಬಂದುಬಿಟ್ಟರು. ನಾನು ಯಂತ್ರದ ಚರಿತ್ರೆಯಿಂದ ಶುರುಮಾಡಿದೆ. ಚರಿತ್ರೆ ಸಿಂಗಪುರ ಬಿಡುವುದರೊಳಗೆ ತಂಗಮ್ಮ ಹಳದಿ ಮೂತಿ ಸಿಕ್ಕಿಸಿ, ತಮಿಳಿನಲ್ಲಿ ನಾಲ್ಕು ಮಾತು ಹೇಳಿ, ಸಾಹೇಬರನ್ನು ಬೋಸಿಯ ಮೇಲೆ ಬಗ್ಗಿಸಿಯಾಗಿತ್ತು. ಐದು ನಿಮಿಷಕ್ಕೆ ಅವರು ಕಲಿತರು. (ನನಗೆ ಹದಿನೇಳು ದಿನ ಹಿಡಿದಿತ್ತು.) ಮುಖ ಒರಸಿಕೊಂಡು, ಇಷ್ಟು ಚೆನ್ನಾಗಿ ಹೇಳಿಕೊಡುವವರನ್ನು ತಾವು ಕಂಡೇ ಇಲ್ಲವೆಂದರು. ಆಸ್ಪತ್ರೆ ಉದ್ಘಾಟನೆಗೆ ಬೇರೆ ಭಾಷಣ ಯಾಕೆ, ಅಮ್ಮನವರೇ ಹಲ್ಲಿನ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಲಿ, ನೀವು ಪಕ್ಕದಲ್ಲಿ ಮಾಡಿ ತೋರಿಸಿ ಎಂದು ಅಪ್ಪಣೆಯಾಯಿತು. ನಾನು ಅದೇ ಅಳತೆಗೆ ಬಗ್ಗಿ ಒಪ್ಪಿಕೊಂಡೆ.

ಉದ್ಘಾಟನೆಯ ದಿನ ಪೆಂಡಾಲಿನ ತುಂಬ ಜನ. ತಂಗಮ್ಮ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ನನ್ನ ಕತ್ತು ಹಿಡಿದು ಹತ್ತು ನಿಮಿಷ ಮಾತಾಡಿದಳು. ಬಾಯಿಪಾಠವಿಲ್ಲ, ಚೀಟಿಯಿಲ್ಲ, ಒಂದು ಮಾತು ಹೆಚ್ಚಿಲ್ಲ. ಹಿಂದಿನ ಸಾಲಿನ ಮುದುಕಿಯರು ಕೂಡ ಎದ್ದುನಿಂತು ಕೇಳಿದರು. ನನಗೇ ಚಪ್ಪಾಳೆ ತಟ್ಟುವ ಆಸೆಯಾಯಿತು, ಕೈಯಲ್ಲಿ ನಳಿಕೆಯಿತ್ತು. ಕೊನೆಗೆ ಅವಳು ಕೈತೆಗೆದು, ಮೈಕನ್ನು ನನ್ನ ಮುಂದಿಟ್ಟು, ನೀವೂ ಎರಡು ಮಾತು ಹೇಳಿ ಎಂದಳು.

ತಲೆಯೆತ್ತಿದೆ. ಉಳಿಸಿಕೊಂಡ ಹಲ್ಲು ಸಭೆಗೆಲ್ಲ ಕಾಣುವಂತೆ ಬಾಯಿ ತೆರೆದೆ. ಅದರೊಳಗೆ ಇನ್ನೂ ಒಂದು ಗುಟುಕು ನೀರಿತ್ತು. ಅದು ಅಂಗಿಯ ಮೇಲೆ ಇಳಿದು ಮುಗಿಯುವುದರೊಳಗೆ ಕಮಿಷನರು ಎದ್ದು ವಂದನಾರ್ಪಣೆ ಮುಗಿಸಿದ್ದರು.