ನಾಟಕದ ಪುಸ್ತಕ ಮುಗಿದ ವರ್ಷ

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಪುಸ್ತಕದ ಅಂಗಡಿ ಇತ್ತು. ಅಂಗಡಿ ಅನ್ನುವುದು ನನ್ನ ದೊಡ್ಡಸ್ತಿಕೆ. ನಾನು ಕೂತರೆ ಗಿರಾಕಿ ನಿಲ್ಲಬೇಕು, ಗಿರಾಕಿ ಕೂತರೆ ನಾನು ನಿಲ್ಲಬೇಕು. ಪಂಚಾಂಗ, ಅಂಕಲಿಪಿ ಬಿಟ್ಟರೆ ನಾನು ಮಾರಿದ್ದೆಲ್ಲ ಹಳ್ಳಿಯವರು ಆಡುವ ಸಾಮಾಜಿಕ ನಾಟಕದ ಪುಸ್ತಕಗಳೇ. ಬರೀ ಓದುವವರಿಗೆ ಪುಸ್ತಕ ಮಾರಿದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಬಣ್ಣ ಹಚ್ಚಿಕೊಳ್ಳುವವರಿಗೆ ಮಾರಿ ನೋಡಿ, ತಮಾಷೆ ತಾನಾಗಿ ಅಂಗಡಿಗೆ ನಡೆದು ಬರುತ್ತದೆ.

೧. ಹದಿನೈದು ಮಂದಿಯ ನಾಟಕ

ನನ್ನ ಗಿರಾಕಿಗಳು ನಾಟಕದ ಹೆಸರು ಕೇಳುತ್ತಿರಲಿಲ್ಲ, ಪಾರ್ಟು ಎಷ್ಟು ಅಂತ ಕೇಳುತ್ತಿದ್ದರು. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲರು ಬಂದರು. ಅವರು ಒಳಗೆ ಕಾಲಿಟ್ಟ ಕೂಡಲೇ ನಾನು ಸೀನಲು ಶುರು ಮಾಡಿದೆ.

"ಹದಿನೈದು ಮಂದೀ ನಾಟಕ ಕೊಡ್ರಿ" ಅಂದರು.

"ಹನ್ನೊಂದು ಮಂದೀದು ಐತಿ. ಭಾಳ ಚಲೋ ಐತ್ರಿ."

"ಚಲೋದು ತಗೊಂಡು ಏನ್ ಮಾಡೂದ್ರಿ? ಉಳಿದ ನಾಕು ಮಂದಿ ಸಿಟ್ಟಾಗಿ ನಾಳಿಂದ ಚೀಲಕ್ಕ ಕೈ ಹಚ್ಚಂಗಿಲ್ಲ."

ಅಲ್ಲೇ ಕೂತಿದ್ದ ಪೇಟಿ ಮಾಸ್ತರರು ನಕ್ಕರು. ಊರೂರಿಗೆ ಹೋಗಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ನಾಟಕ ಕಲಿಸುವುದು ಅವರ ಕಸುಬು. ಮನೆಯಲ್ಲಿ ಉರ್ದು, ಪೇಟಿಯ ಮೇಲೆ ಕೈಯಿಟ್ಟರೆ ಕನ್ನಡ. "ತಗೊಳ್ರೆಪಾ, ನಾಕೂ ಮಂದಿನ್ನ ಪೊಲೀಸ್ ಮಾಡ್ತೇನಿ" ಅಂದರು.

ನಾಟಕದ ದಿನ ಒಬ್ಬ ಬಡಕಲು ಕಳ್ಳನನ್ನು ಹಿಡಿಯಲು ನಾಲ್ಕು ಮಂದಿ ಆನೆಯಂಥ ಪೊಲೀಸರು ರಂಗಕ್ಕೆ ನುಗ್ಗಿದರು. ಕಳ್ಳನ ತಾಯಿ ಮುಂದೆಯೇ ಕೂತಿದ್ದಳು. ಎದ್ದು ನಿಂತು, "ನನ್ನ ಮಗ ಒಬ್ಬಾಂವ, ನೀವು ನಾಕು ಮಂದಿ! ನಾಚಿಕಿ ಬರೂದಿಲ್ಲೇನು ನಿಮಗ?" ಅಂದಳು.

ನಾಲ್ವರೂ ಕೈ ಬಿಟ್ಟು ತಲೆ ತಗ್ಗಿಸಿ ನಿಂತರು. ಕಳ್ಳ ತಾನೇ ನಡೆದುಕೊಂಡು ಜೈಲಿಗೆ ಹೋದ.

೨. ಜಡ್ಜ್ ಸಾಹೇಬರು

ಹಾವೇರಿ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನರೊಬ್ಬರಿಗೆ ಒಂದು ಆಸೆ ಇತ್ತು: ಸಾಯುವುದರೊಳಗೆ ಒಮ್ಮೆ ಜಡ್ಜ್ ಪಾರ್ಟು ಮಾಡಬೇಕು. ಮಾಸ್ತರರು ಕೊಟ್ಟರು. ಇದ್ದ ಮಾತು ಒಂದೇ: "ಅಪರಾಧಿಗೆ ಗಲ್ಲು ಶಿಕ್ಷೆ ವಿಧಿಸಿದ್ದೇನೆ." ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು.

ರಂಗದ ಮೇಲೆ ಕುರ್ಚಿಯಲ್ಲಿ ಕೂತರು. ಕನ್ನಡಕ ಒರೆಸಿದರು. ಮೇಜು ಕುಟ್ಟಿ, "ಮುಂದಿನ ತಾರೀಖಿಗೆ ಇಡಲಾಗಿದೆ" ಅಂದು ಎದ್ದು ಒಳಗೆ ಹೋಗಿಬಿಟ್ಟರು. ಕೊರಳಿಗೆ ಹಗ್ಗ ಬೀಳಬೇಕಾದ ಖಳನಾಯಕ ಏನು ಮಾಡಬೇಕು ತಿಳಿಯದೆ ಜನರಿಗೆ ಕೈ ಮುಗಿದ.

ಮಾಸ್ತರರು ಒಳಗೆ ಹೋಗಿ ಹಾರಾಡಿದರು. ಜವಾನರು ಶಾಂತವಾಗಿ, "ಇಪ್ಪತ್ತು ವರ್ಷ ಬಾಗಲದಾಗ ನಿಂತೇನ್ರಿ ಮಾಸ್ತರ. ಒಂದ ದಿನದಾಗ ಕೇಸ್ ಮುಗಿಸಿದ ಜಡ್ಜ್‌ನ ನಾ ಇನ್ನೂ ನೋಡಿಲ್ಲ" ಅಂದರು.

೩. ಛಾಪಖಾನೆ ಬಾಗಿಲು ಹಾಕಿತು

ನಾನು ಮಾರುತ್ತಿದ್ದ ಹತ್ತು ನಾಟಕದಲ್ಲಿ ಒಂಬತ್ತು ಒಂದೇ ಛಾಪಖಾನೆಯಲ್ಲಿ ಅಚ್ಚಾದವು. ಟಿ.ವಿ. ಮನೆ ಮನೆಗೆ ಬರುತ್ತಿದ್ದ ಕಾಲ. ಒಂದು ದಿನ ಆ ಛಾಪಖಾನೆ ಮುಚ್ಚಿತು ಅನ್ನುವ ಸುದ್ದಿ ಬಂತು. ಉಳಿದ ಪ್ರತಿಗಳನ್ನು ಎರಡೆರಡು ಸಲ ಎಣಿಸಿದೆ. ಸುಳ್ಳು ಯಾಕೆ ಹೇಳಲಿ.

ಸಂಜೆಯ ಹೊತ್ತಿಗೆ ಪೇಟಿ ಮಾಸ್ತರರು, ಪರದೆ ಬಾಡಿಗೆ ಕೊಡುವವರು, ನಮ್ಮ ಸುತ್ತಿನ ಎಲ್ಲ ನಾಟಕದ ನಾಯಕಿಯಾಗಿದ್ದ ನಟಿ, ಎಲ್ಲರೂ ನನ್ನ ಅಂಗಡಿಯಲ್ಲಿ ಸತ್ತ ಮನೆಗೆ ಬಂದವರ ಹಾಗೆ ಸೇರಿದರು.

"ಪುಸ್ತಕ ಇಲ್ಲಂದ್ರ ನಾಟಕ ಇಲ್ಲ. ನಾಟಕ ಇಲ್ಲಂದ್ರ ನನ್ನ ಪರದೆ ಯಾರಿಗೆ ಬೇಕು? ಮೆಣಸಿನಕಾಯಿ ಒಣಗಿಸಾಕ ಹಾಸಬೇಕಷ್ಟ" ಅಂದರು ಪರದೆಯವರು.

ಮಾಸ್ತರರು, "ಈ ಸುಗ್ಗೀ ಮ್ಯಾಲೆ ಒಂದೂ ನಾಟಕ ಆಗಲಿಲ್ಲಂದ್ರ ಪೇಟಿ ಮಾರಿಬಿಡ್ತೇನಿ" ಅಂದರು. ಅದು ಅವರ ತಂದೆ ನುಡಿಸಿದ ಪೇಟಿ. ನನಗೆ ಅವರ ಮುಖ ನೋಡಲಾಗಲಿಲ್ಲ.

ನಟಿಯೊಬ್ಬರೇ ಧೈರ್ಯ ಬಿಟ್ಟಿರಲಿಲ್ಲ. "ಹೊಸಾ ಪುಸ್ತಕ ಬರಲಿಲ್ಲಂದ್ರ ಚಲೋನ ಆತು ಬಿಡ್ರಿ. ಹಳೇ ನಾಟಕದಾಗ ನನಗ ಇನ್ನೂ ಹದಿನೆಂಟ ವರ್ಷ" ಅಂದರು.

೪. ಕವಿ ಬರೆಯದ ಮಾತು

ಸುಗ್ಗಿ ಮುಗಿದ ಮೇಲೆ ಮೇಡ್ಲೇರಿಯಿಂದ ನಾಲ್ಕು ಜನ ಬಂದರು. ಹಿಂದೆ ಅವರ ಊರಲ್ಲಿ ಹಿರಿಯರು ಆಡಿದ್ದ ಒಂದು ನಾಟಕವೇ ಬೇಕು, ಬೇರೆ ಬೇಡ ಅಂದರು. ಅವರ ಊರಿನ ಪುಸ್ತಕ ಗೆದ್ದಲು ತಿಂದಿತ್ತು, ನನ್ನಲ್ಲೂ ಒಂದು ಪ್ರತಿ ಉಳಿದಿರಲಿಲ್ಲ. ಮಾಸ್ತರರಿಗೆ ಆ ವರ್ಷ ಅಲ್ಲಿಯವರೆಗೆ ಸಿಕ್ಕ ನಾಟಕ ಅದೊಂದೇ.

ಪುಣ್ಯಕ್ಕೆ ನಮ್ಮ ಕಡೆ ಒಂದು ಪದ್ಧತಿ. ಊರಿಗೆ ಒಂದೇ ಪುಸ್ತಕ ಕೊಳ್ಳುತ್ತಾರೆ. ಪ್ರತಿಯೊಬ್ಬರೂ ಅದರಿಂದ ತಮ್ಮ ತಮ್ಮ ಪಾರ್ಟನ್ನು ಮಾತ್ರ ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಹಳಬರ ಮನೆ ಮನೆಗೆ ಹೋಗಿ ಆ ವಹಿಗಳನ್ನು ಕೂಡಿಸಿದೆವು. ನಾಯಕ ಅಟ್ಟದ ಮೇಲೆ ಸಿಕ್ಕ, ಖಳನಾಯಕ ಗೋಧಿ ಚೀಲದ ಕೆಳಗೆ. ನಾಯಕಿಯ ವಹಿ ನಟಿಯ ಹತ್ತಿರವೇ ಇತ್ತು. ತಂದೆಯ ಪಾರ್ಟು ಮಾತ್ರ ಎಲ್ಲೂ ಇಲ್ಲ. ಅದನ್ನು ಆಡಿದ ರೈತನಿಗೆ ಓದು ಬರಹ ಬರುತ್ತಿರಲಿಲ್ಲ. ಬರೀ ಕೇಳಿ ಕಲಿತಿದ್ದ. ಅವನು ತೀರಿಕೊಂಡು ವರ್ಷದ ಮೇಲಾಗಿತ್ತು.

"ಮುಗೀತು" ಅಂದರು ಮಾಸ್ತರರು, ಅವನ ಮನೆಯ ಕಟ್ಟೆಯ ಮೇಲೆ ಕೂತು.

ಆಗ ಆ ರೈತನ ಹೆಂಡತಿ ಬಾಗಿಲ ಹಿಂದಿನಿಂದ, "ನನಗ ಬರ್ತೈತ್ರಿ" ಅಂದರು. "ದಿನಾ ಹೊಲದಿಂದ ಬಂದು ಕಟ್ಟಿ ಮ್ಯಾಲೆ ಕುಂತು ಹೇಳ್ಕೋತಿದ್ರು. ಎಲ್ಲಾ ನನ್ನ ಕಿವ್ಯಾಗ ಐತಿ."

ಆಕೆ ನೆಲ ನೋಡುತ್ತ ಒಂದೇ ಸಮನೆ ಹೇಳಿದರು. ಮಾಸ್ತರರು ಬರೆದುಕೊಂಡರು. ಒಂದು ಪುಸ್ತಕ ಹೀಗೂ ಉಳಿಯುತ್ತದೆ ಅಂತ ಅಷ್ಟು ವರ್ಷ ಪುಸ್ತಕ ಮಾರಿದ ನನಗೆ ಗೊತ್ತಿರಲಿಲ್ಲ.

ತಾಲೀಮಿನಲ್ಲಿ ತಂದೆ ಸಾಯುವ ದೃಶ್ಯ ಬಂತು. "ಮಗಳೇ, ಈ ಮನೆತನದ ಮಾನ ಇನ್ನು ನಿನ್ನ ಕೈಯಲ್ಲಿದೆ. ನನ್ನ ದೀಪ ಆರುತ್ತಿದೆ. ಎಮ್ಮಿಗೆ ಹಿಂಡಿ ಇಟ್ಟೀಯೇನ?"

ನಟಿ ಅಳು ನಿಲ್ಲಿಸಿ, "ಮಾಸ್ತರ, ನನ್ನ ವಹಿಯಾಗ ಇದಕ್ಕ ಉತ್ತರ ಇಲ್ಲಲ್ರಿ" ಅಂದರು.

ತಾಳೆ ನೋಡಲು ಪುಸ್ತಕ ಎಲ್ಲಿದೆ? ಮಾಸ್ತರರ ಕಣ್ಣಲ್ಲಿ ನೀರು. "ಉತ್ತರ ಯಾಕ ಬೇಕವಾ? ಸಾಯೂ ರೈತ, ಕಡೀ ಉಸುರಿನ್ಯಾಗೂ ಎಮ್ಮೀ ಚಿಂತಿ! ಎಂಥಾ ಮಾತು ಬರದಾನ ನೋಡು ಕವಿ! ನೀ ಸುಮ್ನ ಅಳು" ಅಂದರು. ನಾನೂ ಹೌದೌದು ಅಂದೆ.

ನಾಟಕದ ದಿನ ಊರಿಗೆ ಊರೇ ಬಂದಿತ್ತು. ಆ ದೃಶ್ಯ ಬಂತು. ತಂದೆಯ ಪಾರ್ಟಿನವ ಉಸಿರು ಎಳೆಯುತ್ತ, "ನನ್ನ ದೀಪ ಆರುತ್ತಿದೆ. ಎಮ್ಮಿಗೆ ಹಿಂಡಿ ಇಟ್ಟೀಯೇನ?" ಅಂದ. ನಟಿ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದರು.

ಹೆಂಗಸರ ನಡುವಿನಿಂದ ಸ್ಪಷ್ಟವಾಗಿ ಒಂದು ದನಿ ಬಂತು: "ಇಟ್ಟೇನ್ರಿ, ಆಗಳೇ."

ಆ ರೈತನ ಹೆಂಡತಿ. ಅಷ್ಟು ವರ್ಷದ ರೂಢಿ, ಬಾಯಿ ತಡೆಯಲಿಲ್ಲ.

ಜನ ಹೋ ಅಂತ ನಕ್ಕರು. ಸಾಯುತ್ತಿದ್ದವನು ತಲೆ ಎತ್ತಿ, "ಹಂಗಾದ್ರ ಚಿಂತಿಲ್ಲ ಬಿಡು" ಅಂದು ಮತ್ತೆ ಮಲಗಿ ಸತ್ತ. ಮಾಸ್ತರರು ನಗುತ್ತ ಅಳುತ್ತ ಪೇಟಿ ನುಡಿಸುವುದನ್ನೇ ಮರೆತರು. ಕವಿ ಬರೆದ ಮಾತು ಅದಲ್ಲ ಅಂತ ನಮ್ಮಿಬ್ಬರಿಗೂ ಹೊಳೆದದ್ದು ಆಗ.

ಮರುದಿನ ಮಾಸ್ತರರು ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. "ತಪ್ಪಾತ್ರಿ ತಾಯಿ. ಆ ಒಂದು ಮಾತು ತಗದು ಹಾಕಿಬಿಡ್ತೇನಿ" ಅಂದರು.

"ಯಾಕ ತಗೀತೀರಿ?" ಅಂದರು ಆಕೆ. "ಉಳಿದದ್ದೆಲ್ಲಾ ಕವೀದು. ಅದೊಂದ ಅಲ್ರೀ ನಮ್ಮ ಮನಿಯವ್ರದು?"

ಪೇಟಿ ಮಾರುವ ಮಾತು ಅವತ್ತಿಗೆ ಮುಗಿಯಿತು. ಅದೇ ವರ್ಷ ಇನ್ನೂ ಮೂರು ಊರಿನವರು ಆ ನಾಟಕವನ್ನೇ ಬೇಡಿ ಬಂದರು. ಮೂರೂ ಊರಿನಲ್ಲಿ ಎಮ್ಮೆಗೆ ಹೊತ್ತಿಗೆ ಸರಿಯಾಗಿ ಹಿಂಡಿ ಬಿತ್ತು.