ಎಂಬತ್ತು ಮಂದಿಯ ಮದುವಿ

ನಮ್ಮ ಮನೆಯಲ್ಲಿ ಏನನ್ನಾದರೂ ಸರಳವಾಗಿ ಮಾಡೋಣ ಅಂತ ಕೂತರೆ ಸಾಕು, ಎಲ್ಲಿಂದಲೋ ಒಂದು ಫಜೀತಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕೂತುಬಿಡುತ್ತದೆ. ಹೋದ ವರ್ಷ ಮಗಳ ಮದುವೆಯಲ್ಲಿ ಅದು ಒಂದೇ ಬರಲಿಲ್ಲ, ಬಳಗ ಸಮೇತ ಬಂದಿತ್ತು.

ನಾನು ವಿಜಯಪುರದ ಸಾಲಿಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ಒಬ್ಬಳೇ ಮಗಳು, ಊರಲ್ಲೇ ನೌಕರಿ. ಬಬಲೇಶ್ವರದ ಹುಡುಗನನ್ನು ತಾನೇ ಮೆಚ್ಚಿದಳು, ನೋಡಿದ ಮೇಲೆ ನಾವೂ ಮೆಚ್ಚಿದೆವು. ಆಕೆಯ ಗೆಳತಿಯೊಬ್ಬಳು ತನ್ನ ಮದುವೆಯಲ್ಲಿ ನಾಲ್ಕು ತಾಸು ಸ್ಟೇಜಿನ ಮೇಲೆ ನಿಂತು, ಫೋಟೋಕ್ಕೆ ನಕ್ಕು ನಕ್ಕು, ಕಡೆಗೆ ಊಟವಿಲ್ಲದೆ ತಲೆಸುತ್ತಿ ಕೂತಿದ್ದಳಂತೆ. ಅದನ್ನು ನೋಡಿ ಬಂದವಳೇ ನನ್ನ ಮುಂದೆ ಕುಳಿತಳು.

"ಅಪ್ಪಾ, ನನ್ನ ಮದುವಿ ನಾನೂ ನೋಡಬೇಕು. ಎಂಬತ್ತ ಮಂದಿ ಸಾಕು. ಕಲ್ಯಾಣ ಮಂಟಪ ಬ್ಯಾಡ, ಡಿಜೆ ಬ್ಯಾಡ. ಬಂದವರಿಗೆ ನಾವಿಬ್ಬರೂ ಕೈಯಾರೆ ಬಡಸ್ತೇವಿ, ಅವರ ಜೋಡಿ ಕುಂತು ಮಾತಾಡ್ತೇವಿ."

ಎಷ್ಟು ಸಣ್ಣ ಆಸೆ! ಆದರೆ ನಮ್ಮ ಬಳಗದಲ್ಲಿ ಎಂಬತ್ತು ಮಂದಿ ಬರೀ ಬಸುರಿಯ ಕುಬಸಕ್ಕೇ ಬರುತ್ತಾರೆ. ಮದುವೆಗೆ ಅಷ್ಟೇ ಮಂದಿಯನ್ನು ಕರೆದರೆ ಉಳಿದವರು ಇನ್ನು ನನ್ನ ಮಾರಿ ನೋಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಮಗಳಿಗೆ ಇಲ್ಲ ಅನ್ನಲಿಕ್ಕೆ ಅದಕ್ಕಿಂತ ದೊಡ್ಡ ಹೆದರಿಕೆ. ಹೂಂ ಅಂದೆ.

೧. ಪಟ್ಟಿ

ನಲವತ್ತು ಬೀಗರ ಕಡೆಗೆ, ನಲವತ್ತು ನಮಗೆ ಎಂದು ಮಾತಾಯಿತು. ತವರಿನ ಕಡೆಯ ಹೆಸರು ನೀನೇ ಬರೆ ಅಂತ ಹೆಂಡತಿಗೆ ಹೇಳಿದೆ. ಎರಡು ದಿನ ಬಿಟ್ಟು ನೋಡಿದರೆ ನೋಟುಬುಕ್ಕಿನ ಹನ್ನೊಂದು ಪುಟ ತುಂಬಿತ್ತು.

"ಏನಿದು? ಎಂಬತ್ತ ಅಂತ ಹೇಳಿದ್ದಿಲ್ಲೇನು?"

"ಎಂಬತ್ತ ಅಂದ್ರ ಎಂಬತ್ತ ಮನಿ ಅಲ್ಲೇನ್ರಿ?" ಅಂದಳು.

ಪಟ್ಟಿಗೆ ಕತ್ತರಿ ಹಾಕುವುದು ನನ್ನ ಪಾಲಿಗೆ ಬಂತು. ಮೊದಲು ನನ್ನ ಅಕ್ಕನಿಂದಲೇ ಶುರು ಮಾಡೋಣ, ಆಕೆ ತಿಳಕೊಂಡಾಳು ಅಂತ ಕಾಖಂಡಕಿಗೆ ಫೋನ್ ಮಾಡಿದೆ. ಆಕೆಯ ಮನೆಯಲ್ಲಿ ಒಂಬತ್ತು ಮಂದಿ. ಗಂಟಲು ಸರಿ ಮಾಡಿಕೊಂಡು, "ಅಕ್ಕಾ, ತಪ್ಪ ತಿಳಕೋಬ್ಯಾಡ. ನಿಮ್ಮ ಮನಿಯಿಂದ ನಾಲ್ಕೇ ಮಂದಿ ಬರ್ರಿ," ಅಂದೆ.

"ಅದಕ್ಕೇನ ತಮ್ಮಾ, ಆಗವಲ್ಲದ್ಯಾಕ," ಅಂದಳು ಅಕ್ಕ ಬಹಳ ಶಾಂತವಾಗಿ. "ಯಾರ್ಯಾರು ಬರಬ್ಯಾಡ ಅಂತ ನೀನ ಹೆಸರ ತಗೊಂಡು ಹೇಳಿಬಿಡು. ಫೋನ್ ಸ್ಪೀಕರಿಗೆ ಹಾಕೇನಿ. ಒಂಬತ್ತೂ ಮಂದಿ ಇಲ್ಲೇ ಕುಂತಾರ."

೨. ಮಾಸ್ತರ ಅಕ್ಷರ

ಲಗ್ನಪತ್ರಿಕೆ ಅಚ್ಚು ಹಾಕಿಸುವುದು ಬೇಡ, ಒಬ್ಬೊಬ್ಬರಿಗೂ ಅಪ್ಪನೇ ಕೈಯಿಂದ ಪತ್ರ ಬರೆಯಬೇಕು ಅಂತ ಮಗಳ ಹಟ. ನನಗೂ ಹುಮ್ಮಸ್ಸು ಬಂತು. ಬಿಳಿ ಹಾಳೆ ತಂದು, ಮಾರ್ಜಿನ್ ಬಿಟ್ಟು, ಅಕ್ಷರ ತಿದ್ದಿ ತೀಡಿ ಬರೆದೆ. "ಇವರಿಗೆ" ಅಂತ ಶುರು, "ಬಂದು ಹರಸಬೇಕಾಗಿ ವಿನಂತಿ" ಅಂತ ಮುಕ್ತಾಯ, ಕೆಳಗೆ ಸಹಿ.

ನನ್ನ ಹಳೆಯ ಶಿಷ್ಯನೊಬ್ಬ ತಿಕೋಟಾ ಕಡೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ವಿಳಾಸ ಗೊತ್ತಿರಲಿಲ್ಲ, ಕಚೇರಿಗೇ ಅಂಚೆಗೆ ಹಾಕಿದೆ. ಎಂಟು ದಿನದ ಮೇಲೆ ಫೋನ್ ಬಂತು.

"ಸರ್, ನಿಮ್ಮ ಪತ್ರ ಇವತ್ತ ನನ್ನ ಕೈ ಸೇರ್ತು ನೋಡ್ರಿ. ಇಲ್ಲಿ ಎಲ್ಲಾರೂ ಅರ್ಜಿ ಅಂತ ತಿಳಕೊಂಡಾರ. ಸಿಕ್ಕಾ ಹೊಡೆದು, ನಂಬರ್ ಹಾಕಿ, ಮೂರು ಟೇಬಲ್ ದಾಟಿ ಬಂದೈತಿ."

"ಅಯ್ಯೋ! ಏನರ ಬರದಾರೇನಪಾ ಅದರ ಮ್ಯಾಲ?"

"ಬರದಾರ್ರಿ. ಮೊದಲನೇ ಟೇಬಲ್ಲಿನವರು 'ಪರಿಶೀಲಿಸಿ' ಅಂತ ಬರದಾರ. ಎರಡನೇದವರು 'ಸ್ಥಳ ಪರಿಶೀಲನೆ ಅವಶ್ಯ' ಅಂದಾರ."

"ಮೂರನೇದು?"

"ಅದು ಸಾಹೇಬರ ಟೇಬಲ್ರಿ. 'ನಾನೂ ಬರುತ್ತೇನೆ' ಅಂತ ಸಹಿ ಮಾಡ್ಯಾರ."

೩. ತೋಟದ ನೆರಳು

ಜಾಗ ಮಗಳೇ ಆರಿಸಿದ್ದಳು. ನನ್ನ ಹೆಂಡತಿಯ ತಮ್ಮನದು ತಿಕೋಟಾ ಹತ್ತಿರ ದ್ರಾಕ್ಷಿ ತೋಟ. ಫೆಬ್ರುವರಿಯಲ್ಲಿ ಹೋಗಿ ನೋಡಿದಾಗ ಬಳ್ಳಿ ತಲೆಯ ಮೇಲೆ ಹಸಿರು ಛತ್ತಿನ ಹಾಗೆ ಹಬ್ಬಿತ್ತು, ಗೊಂಚಲು ಮೂಗಿಗೆ ತಾಗುತ್ತಿದ್ದವು. "ಮಾಮಾ, ಇದರ ಕೆಳಗ ನನ್ನ ಮದುವಿ," ಅಂದಳು. ಮಾಮನಿಗೆ ಕಣ್ಣು ತುಂಬಿ ಬಂತು. ತಾರೀಖು ಏಪ್ರಿಲ್‌ಗೆ ನಿಂತಿತು.

ಮದುವೆಗೆ ನಾಲ್ಕು ದಿನ ಇರುವಾಗ ಎಲ್ಲರೂ ತೋಟಕ್ಕೆ ಹೋದೆವು. ಹಸಿರೂ ಇಲ್ಲ, ಗೊಂಚಲೂ ಇಲ್ಲ. ಸಾಲಿಗೆ ಸಾಲು ಬರೀ ಕಡ್ಡಿ, ತಂತಿ, ಮೇಲೆ ಸುಡುವ ಸೂರ್ಯ. ಕಾಯಿ ಇಳಿದ ಮೇಲೆ ಬಳ್ಳಿ ಕತ್ತರಿಸುವ ಕೆಲಸಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ಅದು ಮುಗಿದಿತ್ತು. ಮಗಳು ಬಾಯಿ ತೆರೆದು ನಿಂತಳು. ಮಾಮ ಮಾತ್ರ ಹಿಗ್ಗಿ ಹೀರೇಕಾಯಿ.

"ನೋಡವಾ ತಂಗಿ, ನಿನ್ನ ಮದುವಿ ಐತಂತ ಎಂಟ ದಿನ ಮೊದಲ ಮುಗಿಸೇನಿ. ಎಷ್ಟ ಸ್ವಚ್ಛ ಆಗೇತಿ! ಒಂದ ಎಲಿ ಉಳಿಸಿಲ್ಲ!"

ಅವಳು ಅಳುತ್ತಾಳೋ ನಗುತ್ತಾಳೋ ಅಂತ ನೋಡುತ್ತಿದ್ದೆ. ನಗಲಿಲ್ಲ, ಅಳಲೂ ಇಲ್ಲ. ತಂತಿಯನ್ನೊಮ್ಮೆ ಎಳೆದು ನೋಡಿ, "ಮನ್ಯಾಗ ಹಳೆ ಸೀರಿ ಎಷ್ಟ ಅದಾವ?" ಅಂದಳು. ಅವ್ವನ ಸೀರೆ, ಅತ್ತೆಯಾಗುವವರ ಸೀರೆ, ಅಕ್ಕಪಕ್ಕದವರ ಸೀರೆ, ಒಟ್ಟು ಅರವತ್ತು ಸೀರೆ ತಂತಿಯ ಮೇಲೆ ಹಾಸಿದರು. ಕೆಂಪು, ಹಸಿರು, ನೀಲಿ ನೆರಳು ನೆಲಕ್ಕೆ ಬಿತ್ತು. ಬಳ್ಳಿ ಇದ್ದಿದ್ದರೂ ಅಷ್ಟು ಚಂದ ಇರುತ್ತಿರಲಿಲ್ಲ, ಖರೇ ಹೇಳುತ್ತೇನೆ.

ಮದುವೆಯ ದಿನ ಕಾಖಂಡಕಿಯ ಅಕ್ಕ ಬಂದವಳೇ ಕತ್ತೆತ್ತಿ ನೋಡಿದಳು. ನೋಡುತ್ತಾ ನೋಡುತ್ತಾ ಒಂದು ಇಳಕಲ್ ಸೀರೆಯ ಕೆಳಗೆ ನಿಂತು ನನ್ನ ಹೆಂಡತಿಯನ್ನು ಕರೆದಳು.

"ಇದು ನಿನ್ನ ಕುಬಸಕ್ಕ ನಾ ಕೊಟ್ಟ ಸೀರಿ ಅಲ್ಲ? ಮಡಿಕಿ ಗೆರಿ ಇನ್ನೂ ಹಂಗ ಅದಾವಲ್ಲಬೇ! ಒಮ್ಮೆರ ಉಟ್ಟೀಯಿಲ್ಲೋ?"

ನಾನು ಮೆಲ್ಲಗೆ ಅಡುಗೆಯ ಕಡೆ ಜಾರಿದೆ. ನನ್ನ ಹೆಂಡತಿ ಮಾತ್ರ ಜಗ್ಗಲಿಲ್ಲ.

"ಹೆಂಗ ಉಡಲ್ರಿ ಅಕ್ಕಾರ? ನೀವು ಕೊಟ್ಟಿದ್ದು ಅಂತ ಇಷ್ಟ ವರ್ಷ ಎದಿಗೆ ಹಚ್ಚಿ ಇಟಗೊಂಡಿದ್ದೆ. ಇವತ್ತ ಎಲ್ಲಾರ ತಲಿ ಮ್ಯಾಲ ಇಟ್ಟೇನಿ."

೪. ಸಣ್ಣಗ ಬಾಜಾ

ಡಿಜೆ ಬೇಡವಾದರೂ ಬಾಜಾ ಇಲ್ಲದೆ ಮದುವೆ ಆದೀತೇ? ಗೋಳಗುಮ್ಮಟದ ಹತ್ತಿರದ ನಮ್ಮ ಓಣಿಯಲ್ಲಿ ಒಬ್ಬ ಚಾಚಾ ಇದ್ದಾರೆ, ಕ್ಲಾರಿನೆಟ್ ಊದುವವರು. ನನ್ನ ಮದುವೆಗೂ ಅವರೇ ಊದಿದ್ದು. ಮಗಳು ಅವರಿಗೆ ಒಂದೇ ಮಾತು ಹೇಳಿದಳು: "ಚಾಚಾ, ಸಣ್ಣಗ ಬಾರಸ್ರಿ. ಮಂದಿ ಮಾತಾಡೋದು ಕೇಳಬೇಕು."

"ಬೇಟಿ, ಊದೋದಂದ್ರ ಪೂರಾ ಊದೋದು. ಸಣ್ಣಗ ಊದಿದ್ರ ಅದು ಚಹಾ ಆರಿಸಿದಂಗ ಆಗ್ತೈತಿ," ಅಂದರು ಚಾಚಾ. ಆದರೂ ಮಾತಿಗೆ ಒಪ್ಪಿದರು.

ಮದುವೆಯ ದಿನ ಕ್ಲಾರಿನೆಟ್ ಎಷ್ಟು ಮೆತ್ತಗೆ ಕೇಳುತ್ತಿತ್ತೆಂದರೆ ನನಗೇ ಆಶ್ಚರ್ಯ. ಚಾಚಾ ಕಾಣಲಿಲ್ಲ. ಹುಡುಕುತ್ತಾ ಹೋದರೆ ತೋಟದ ಆ ತುದಿಗೆ, ಬಾವಿಯ ಆಚೆ ನಿಂತು, ಕೆನ್ನೆ ಉಬ್ಬಿಸಿ, ಜೀವ ಬಿಟ್ಟು ಊದುತ್ತಿದ್ದಾರೆ! ಸುತ್ತ ನಮ್ಮ ಅರ್ಧ ಮಂದಿ ಕುಣಿಯುತ್ತಿದ್ದಾರೆ. ನಡುವೆ ಮದುಮಗಳು.

ಚಾಚಾ ಉಸಿರು ತಗೊಳ್ಳಲು ನಿಲ್ಲಿಸಿ ನನ್ನ ಕಡೆ ನೋಡಿದರು. "ನನ್ನ ತಪ್ಪಿಲ್ಲ ಸರ್. ಅಲ್ಲಿ ಸಣ್ಣಗ ಕೇಳ್ಲಿ ಅಂತ ಇಷ್ಟ ದೂರ ಬಂದೇನಿ. ದೊಡ್ಡದ ಬೇಕಾದವರು ತಾವ ನಡಕೊಂಡ ಬಂದಾರ."

೫. ಎರಡು ಕ್ರೂಸರ್

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು, ಮೊದಲ ಪಂಗ್ತಿ ಎದ್ದಿತ್ತು. ಮಗಳು ಪಲ್ಯ, ಅಳಿಯ ಶೇಂಗಾ ಹೋಳಿಗಿ ಹಿಡಿದು ಬಡಿಸುತ್ತಿದ್ದರು. ಆಗ ಎರಡು ಕ್ರೂಸರ್ ಗಾಡಿ ಬಂದು ನಿಂತವು. ಇಪ್ಪತ್ತೈದು ಮಂದಿ ಇಳಿದರು. ಮುಂದೆ ರುಮಾಲು ಸುತ್ತಿದ ಒಬ್ಬ ಹಿರಿಯರು.

"ತಡಾ ಆತ್ರಿ, ಅಕ್ಕಿಕಾಳ ತಪ್ಪಿತು, ಸಿಟ್ಟಾಗಬ್ಯಾಡ್ರಿ," ಅನ್ನುತ್ತಾ ನನ್ನ ಕೈ ಹಿಡಿದರು.

ನಾನು ಇನ್ನೊಮ್ಮೆ ತಲೆ ಎಣಿಸಿದೆ. ಬೀಗರು ನಲವತ್ತಕ್ಕೆ ಒಪ್ಪಿ, ಗುಟ್ಟಾಗಿ ಇಷ್ಟು ಮಂದಿಯನ್ನು ಕರೆದಿದ್ದಾರಲ್ಲ! ಆದರೆ ಮಗಳನ್ನು ಕೊಟ್ಟ ಮನೆ, ಬಾಯಿ ಬಿಡುವಂತಿಲ್ಲ. "ಬರ್ರಿ ಬರ್ರಿ, ಕೈ ತೊಳ್ಕೋರಿ," ಅಂದೆ. ಬೀಗರೂ ಓಡಿ ಬಂದು, ನನಗಿಂತ ಹೆಚ್ಚು ನಕ್ಕು, ಎಲ್ಲರನ್ನೂ ಕೂಡ್ರಿಸಿದರು.

ಹಿರಿಯರು ಅಳಿಯನ ಗಲ್ಲ ಹಿಡಿದರು. "ಏನಲೇ, ಎಷ್ಟ ದೊಡ್ಡಾಂವ ಆಗೀಯೋ! ಸಣ್ಣಾಂವ ಇದ್ದಾಗ ನೋಡಿದ್ದೆ. ಕಾಕಾನ ಗುರ್ತ ಹಿಡಿಲಿಲ್ಲೇನು?" ನಮ್ಮ ಕಡೆಯ ಹಿರಿಯರು ಅಂತ ತಿಳಿದ ಅಳಿಯ, ಪಾಪ, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ಕಾಕಾ ಹೊಗಳಿದ್ದೇ ಹೊಗಳಿದ್ದು: "ಮದುಮಕ್ಕಳೇ ಬಡಸಾಕತ್ತಾರ! ಇಂಥಾ ಮದುವಿ ನಾ ನೋಡಿಲ್ಲ ಬಿಡ್ರಿ!"

ಅಡುಗೆ ತಳ ಕಂಡಿತು. ಉಳಿದವರ ಊಟ ಹೇಗೋ ಆಯಿತು, ಬೀಗರಿಗೂ ನನಗೂ ಉಳಿಯಲಿಲ್ಲ. ಇಬ್ಬರೂ ನೀರು ಕುಡಿದು ಮೂಲೆಯಲ್ಲಿ ಕೂತೆವು.

"ನಿಮ್ಮ ಮಂದಿ ಬಾಳ ಛಲೋ ಅದಾರ್ರಿ," ಅಂದೆ, ಮರ್ಯಾದೆಗೆ.

ಬೀಗರು ನನ್ನ ಮುಖ ನೋಡಿದರು. "ನಮ್ಮ ಮಂದಿ? ನಿಮ್ಮ ಮಂದಿ ಅಲ್ಲೇನ್ರಿ ಅವರು?"

ಅಷ್ಟರಲ್ಲಿ ಕಾಕಾರ ಫೋನ್ ಹೊಡಕೊಂಡಿತು. ಕಿವಿ ಸ್ವಲ್ಪ ಮಂದ, ಹಾಗಾಗಿ ತೋಟಕ್ಕೆಲ್ಲ ಕೇಳುವಂತೆ ಮಾತಾಡಿದರು. "ಏನು? ನೀನ ಮದುಮಗ ಮಾತಾಡಾಕತ್ತೀಯಾ? ಅಕ್ಕಿಕಾಳಿಗೆ ನಮ್ಮ ಸಲುವಾಗಿ ಕಾಯಾಕತ್ತೀರಾ? ಸುಳ್ಳ ಹೇಳಬ್ಯಾಡಲೇ! ಈಗಷ್ಟ ನಿನ್ನ ಕೈಲೆ ಮೂರ ಹೋಳಿಗಿ ನೀಡಿಸ್ಕೊಂಡು ಉಂಡೇನಿ!"

ಮುಂದಿನ ತೋಟದಲ್ಲೂ ಅವತ್ತೇ ಮದುವೆ. ನಮ್ಮ ತೋರಣ ಮೊದಲು ಕಂಡಿತ್ತು, ತಿರುಗಿದ್ದರು. ಕಾಕಾರ ಮುಖ ಇಷ್ಟಾಯಿತು. ಅಳಿಯ ಮೆಲ್ಲಗೆ ಅವರ ಕೈಯಿಂದ ಫೋನ್ ಇಸಕೊಂಡ. "ಗಾಬರಿ ಆಗಬ್ಯಾಡ್ರಿ. ನಿಮ್ಮ ಮಂದಿದು ಊಟ ಆಗೇತಿ, ಐದ ಮಿನಿಟಿಗೆ ಬರ್ತಾರ. ನಮ್ಮ ಅಪ್ಪಂದು, ಮಾವಂದು ಊಟ ಆಗಿಲ್ಲ. ಅವರನ್ನೂ ಅದ ಗಾಡ್ಯಾಗ ಕಳಸ್ಲೇನ್ರಿ?"

ಬೇಡ ಬೇಡ ಅಂದರೂ ಕಾಕಾ ನಮ್ಮಿಬ್ಬರನ್ನೂ ಎಳಕೊಂಡೇ ಹೋದರು. ಅಲ್ಲಿ ಅಕ್ಕಿಕಾಳು ಹಾಕಿ, ಪಂಗ್ತಿಯಲ್ಲಿ ಅಕ್ಕಪಕ್ಕ ಕೂತೆವು. ಸಿಹಿ ಮಾದಲಿ, ಬಿಸಿ ಎಣ್ಣಿಗಾಯಿ. ಹಸಿವೂ ಜೋರಿತ್ತು. ತುಪ್ಪ ಬಡಿಸಲು ಬಂದವನು ನಮ್ಮನ್ನು ಮೇಲೆ ಕೆಳಗೆ ನೋಡಿದ.

"ಹಿರ್ಯಾರ, ತಾವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?"

ನಮ್ಮ ಬೀಗರು ಸುಳ್ಳು ಹೇಳುವವರಲ್ಲ. ಎಲೆಯಿಂದ ತಲೆ ಎತ್ತದೆ ಹೇಳಿದರು:

"ನಾ ಹುಡುಗನ ಅಪ್ಪರಿ. ಇವರು ಹುಡುಗಿ ಅಪ್ಪ. ತುಪ್ಪ ಹಾಕ್ರಿ."